ಗೆಜ್ಜಿಯನ್ನು ನಡೆಸಿದ ದಿನ

ಬನವಾಸಿಯಲ್ಲಿ ವರದಾ ನದಿಯ ದಂಡೆಗುಂಟ, ಹಳೇ ಕೋಟೆಗೋಡೆಯ ಮಗ್ಗುಲಿಗೆ, ಒಂದು ಉದ್ಯಾನ ಮಾಡಿದ್ದರು. ನಡೆಯುವವರಿಗೆ ಒಂದು ದಾರಿ, ಸೈಕಲ್ಲಿನವರಿಗೆ ಇನ್ನೊಂದು, ನೀರಿಗೆ ತೀರ ಹತ್ತಿರವಾಗಿ ಕುದುರೆಗೊಂದು. ಸೈಕಲ್ ಬಾಡಿಗೆಗೆ ಕೊಡುವವನು ಶರಣ. ಕುದುರೆ ಅವನ ಹೆಂಡತಿ ಪ್ರತಿಭಾಳದು. ಗೆಜ್ಜಿ ಎಂದು ಅದರ ಹೆಸರು, ಕಂದು ಬಣ್ಣದ ಹೆಣ್ಣು ಕುದುರೆ. ಬೆನ್ನ ಮೇಲೆ ಮಕ್ಕಳಿದ್ದರೆ ಅದು ಎಷ್ಟು ಜೋಪಾನವಾಗಿ ಹೆಜ್ಜೆ ಇಡುತ್ತಿತ್ತೆಂದರೆ, ಹಗ್ಗ ಹಿಡಿದು ಮುಂದೆ ನಡೆಯುವ ಪ್ರತಿಭಾಗೆ ಹಿಂದೆ ತಿರುಗಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಭಾನುವಾರ ಯಾರೋ ಗುಂಪಾಗಿ ಬಂದವರು ಮರದ ಕೆಳಗೆ ಊಟ ಮಾಡಿ, ಉಳಿದ ಅನ್ನವನ್ನೆಲ್ಲ ಲಾಯದ ಹಿಂದೆ ಸುರಿದು ಹೋಗಿದ್ದರು. ಮರುದಿನ ಬೆಳಿಗ್ಗೆ ಪ್ರತಿಭಾ ಹುಲ್ಲು ತಂದಾಗ ಗೆಜ್ಜಿಯ ಹಗ್ಗ ಬಿಚ್ಚಿಹೋಗಿತ್ತು. ಅನ್ನ ಬಿದ್ದಿದ್ದ ಜಾಗ ನೆಕ್ಕಿದ ಹಾಗೆ ಖಾಲಿ. ಹುಲ್ಲನ್ನು ಅದು ಮೂಸಿಯೂ ನೋಡಲಿಲ್ಲ. ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಮಲಗಿತು, ಹೊರಳಲು ನೋಡಿತು, ಮತ್ತೆ ಎದ್ದಿತು.

ಶಿರಸಿಯ ಪಶುವೈದ್ಯೆ ಮಮತಾ ಫೋನಿನಲ್ಲಿ ಸಿಕ್ಕರು. ನಿಲ್ಕುಂದದ ಕಡೆ ಆಕಳೊಂದರ ಹೆರಿಗೆ ಕಷ್ಟವಾಗಿ ಅಲ್ಲಿಗೆ ಹೋಗಿದ್ದರು.

"ಹೊರಳೋಕೆ ಬಿಡಬೇಡಿ ಪ್ರತಿಭಾ, ಕರುಳು ತಿರುಚ್ಕೊಳ್ಳತ್ತೆ. ಬಾಯಿಗೆ ಏನೂ ಹಾಕಬೇಡಿ. ನಾನು ಬರೋ ತನಕ ನಿಧಾನ ನಡೆಸ್ತಾ ಇರಿ."

"ಲಗೂನ ಬರ್ರಿ ಡಾಕ್ಟರ್."

"ಇಲ್ಲಿ ಅರ್ಧಕ್ಕೆ ಬಿಟ್ಟು ಬರೋ ಹಾಗಿಲ್ಲ. ಮುಗಿದ ಕೂಡ್ಲೇ ಹೊರಡ್ತೇನೆ."

ಪ್ರತಿಭಾ ನಡೆಸಿದಳು. ಕುದುರೆಯ ದಾರಿಯ ತುದಿಯ ತನಕ ಹೋಗುವುದು, ಅಲ್ಲಿಂದ ತಿರುಗಿ ಬರುವುದು. ಗೆಜ್ಜಿಯ ಮುಂಗಾಲು ಮಡಚುತ್ತಿದೆ ಅನ್ನಿಸಿದ ಕೂಡಲೇ ಹಗ್ಗ ಜಗ್ಗಿ, "ನಡಿಯವ್ವಾ, ಇನ್ನೊಂದು ಹೆಜ್ಜಿ" ಎನ್ನುತ್ತಿದ್ದಳು. ಅಷ್ಟು ನೋವಿನಲ್ಲೂ ಗೆಜ್ಜಿ ಅವಳ ಮಾತು ಕೇಳುತ್ತಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಅತ್ತೆ ಗೌರಕ್ಕ ಇಂಗು ಕಲಸಿದ ಮಜ್ಜಿಗೆ ತಂದಳು.

"ಡಾಕ್ಟರ್ ಬ್ಯಾಡ ಅಂದಾರ ಅತ್ತಿ."

"ಮತ್ತೇನು ಮಾಡೂದವಾ?"

ಗೌರಕ್ಕ ಗೆಜ್ಜಿಯ ಹಣೆಗೆ ವಿಭೂತಿ ಹಚ್ಚಿ, ಚೊಂಬು ಕೈಯಲ್ಲೇ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಳು.

ಬಿಸಿಲೇರಿದ ಮೇಲೆ ಜನ ಬರತೊಡಗಿದರು. ಒಬ್ಬಾತ ಪುಟ್ಟ ಮಗಳ ಕೈ ಹಿಡಿದು ಅಡ್ಡ ಬಂದ.

"ಇವಳನ್ನ ಒಂದು ರೌಂಡ್ ಕೂರಿಸ್ತೀರಾ?"

"ಅದಕ್ಕ ಆರಾಮಿಲ್ಲರಿ. ಹೊಟ್ಟಿ ನೋವು."

"ನಡೀತಾ ಇದೆಯಲ್ಲ!"

ಪ್ರತಿಭಾ ಅವರನ್ನು ಬಳಸಿಕೊಂಡು ಮುಂದೆ ಹೋದಳು. ಮಗು ಅಳುವುದು ಬಹಳ ದೂರದ ತನಕ ಕೇಳಿಸಿತು. ಸೈಕಲ್ಲಿನ ಇಬ್ಬರು ನಿಂತು ವಿಡಿಯೋ ಮಾಡಿಕೊಂಡರು. ಬೆವರಿ ಒದ್ದೆಯಾದ ಗೆಜ್ಜಿ ಅವರ ಕಣ್ಣಿಗೆ ಈಗಷ್ಟೇ ನದಿಯಿಂದ ಎದ್ದು ಬಂದ ಹಾಗೆ ಕಂಡಿರಬೇಕು.

ಮಮತಾ ಬಂದಾಗ ಹೊತ್ತು ಇಳಿದಿತ್ತು. ಅವರ ಬಟ್ಟೆಯ ಮೇಲೆ ಹೆರಿಗೆಯ ರಕ್ತ ಇನ್ನೂ ಹಸಿಯಾಗಿತ್ತು. ಸೂಜಿಮದ್ದು ಕೊಟ್ಟರು, ಮೂಗಿನಿಂದ ನಳಿಕೆ ಇಳಿಸಿದರು, ಹೊಟ್ಟೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಪ್ರತಿಭಾಳ ಮುಖ ನೋಡದೆ ಹೇಳಿದರು.

"ಕರುಳು ತಿರುಚಿಕೊಂಡು ಬಿಟ್ಟಿದೆ. ಆಪರೇಷನ್ ಆಗಬೇಕು. ಅದು ನನ್ನ ಕೈಲಿ ಆಗೋದಲ್ಲ. ಮಾಡೋ ಆಸ್ಪತ್ರೆ ಇಲ್ಲೆಲ್ಲೂ ಇಲ್ಲ."

"ಗಾಡಿ ತಂದೇನ್ರಿ," ಎಂದ ಶರಣ. "ಎಲ್ಲಿಗೆ ಅಂತೀರಿ ಅಲ್ಲಿಗೆ ಒಯ್ಯೂಣು."

"ಅಷ್ಟು ದೂರ ತಡೆಯೋದಿಲ್ಲ ಇದು."

ಆದರೂ ಹತ್ತಿಸಿ ನೋಡಿದರು. ಗಾಡಿಗೆ ಒರಗಿಸಿದ ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟ ಗೆಜ್ಜಿ ಹಿಂದಕ್ಕೆ ಸರಿದು, ದಾರಿಯಲ್ಲೇ ಕುಸಿಯಿತು. ಪ್ರತಿಭಾ ಹಗ್ಗ ಜಗ್ಗಿದಳು. "ನಡಿಯವ್ವಾ" ಎಂದಳು. ಗೆಜ್ಜಿ ತಲೆಯೆತ್ತಿತು, ಏಳಲು ಆಗಲಿಲ್ಲ. ಶರಣ ಅವಳ ಕೈಯಿಂದ ಹಗ್ಗ ಬಿಡಿಸಿದ.

"ಇನ್ನೂ ನರಳಿಸೋದು ಬೇಡ," ಎಂದರು ಮಮತಾ. "ಸೂಜಿಮದ್ದು ಕೊಟ್ಟು ಮಲಗಿಸಿಬಿಡೋಣ, ನೋವಿಲ್ಲದೆ ಹೋಗತ್ತೆ. ನೀವು ಹೂಂ ಅನ್ನಬೇಕು."

"ಬೆಳಗಿನಿಂದ ನಡಿಸೇನ್ರಿ ನಾನು," ಎಂದಳು ಪ್ರತಿಭಾ. "ಒಂದ್ಸಲನೂ ಹೊರಳಾಕ ಬಿಟ್ಟಿಲ್ಲ."

"ಗೊತ್ತು. ನೀವು ನೋಡೋದಕ್ಕೆ ಮೊದಲೇ ಹೊರಳಿರಬೇಕು."

ಪ್ರತಿಭಾ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಅವರಿಬ್ಬರೂ ಅವಳನ್ನೇ ನೋಡುತ್ತಿದ್ದರು. ನೆಲದ ಮೇಲೆ ಕೂತು ಗೆಜ್ಜಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಕಣ್ಣ ಮೇಲೆ ಅಂಗೈ ಮುಚ್ಚಿದಳು. ಮಮತಾ ಅದನ್ನೇ ಒಪ್ಪಿಗೆ ಎಂದುಕೊಂಡರು.

ಕೋಟೆಗೋಡೆಯ ಹತ್ತಿರ ಅಗೆಯುವ ಹಾಗಿಲ್ಲವೆಂದು ಕಾವಲಿನವರು ಹೇಳಿದ್ದರಿಂದ ಉದ್ಯಾನದ ಆಚೆ, ಪರಿಚಯದವರ ಹೊಲದ ಬದುವಿನಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿದರು. ಪ್ರತಿಭಾ ಅಲ್ಲಿಗೆ ಹೋಗಲಿಲ್ಲ. ಲಾಯದ ಬಾಗಿಲಲ್ಲಿ ಕೂತಿದ್ದಳು. ಗೌರಕ್ಕ ರೊಟ್ಟಿ ತಂದಿಟ್ಟು, "ಒಂದು ತುತ್ತರೆ ಉಣ್ಣವಾ," ಎಂದಳು.

ಪ್ರತಿಭಾ ರೊಟ್ಟಿ ಮುರಿದಳು. ಮುರಿದ ಚೂರನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಕೈಯಲ್ಲೇ ಹಿಡಿದುಕೊಂಡು ಕೂತಳು.