ಒಂದೇ ಜೋಡಿ ಕಣ್ಣು

ರೆಪ್ಪೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದ ಗಿಲ್‌ಜಾ ಮೊದಲು ಮಾಡಿದ ಕೆಲಸವೆಂದರೆ ಫೋನನ್ನು ಮುಖದೆದುರು ಹಿಡಿದದ್ದು. ಫೋನು ತೆರೆಯಲಿಲ್ಲ. ಕಣ್ಣು ಹೊಂದುತ್ತಿಲ್ಲ ಎಂದು ಎಂದಿನಂತೆ ಮೊಂಡು ಹಿಡಿಯಿತು.

“ದರಿದ್ರದ ಫೋನು!”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ,” ಎಂದು ಹ್ವಾಸುನ್ ನಕ್ಕಳು. “ರೆಪ್ಪೆ ಎತ್ತಿಸ್ಕೊಂಡು ಮದುವಣಗಿತ್ತಿ ಆಗಿಬಿಟ್ಟಿದ್ದೀಯ. ಆದ್ರೂ ಅದಕ್ಕೆ ನಿನ್ನ ಕಂಡ್ರೆ ಆಗಲ್ಲ ಅಕ್ಕ. ಬಿಡು, ನಂಬರ್ ಒತ್ತು.”

ಬುಸಾನಿನ ಆ ಹೆಂಗಸರ ಸ್ನಾನಗೃಹದಲ್ಲಿ ಮೈ ಉಜ್ಜುವವರು ಅವರಿಬ್ಬರೇ. ಅಕ್ಕಪಕ್ಕದ ಎರಡು ಕಲ್ಲುಮಂಚ, ಒಂದೇ ಊಟದ ಡಬ್ಬಿ. ಬಿಸಿನೀರಿನಲ್ಲೇ ನೆನೆದು ಸವೆದ ಗಿಲ್‌ಜಾಳ ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಬೆರಳಚ್ಚಿನ ಫೋನುಗಳು ಅವಳನ್ನು ಒಪ್ಪುತ್ತಿರಲಿಲ್ಲ. ಅದಕ್ಕೇ ಕಣ್ಣು ನೋಡಿ ತೆರೆಯುವ ಫೋನು ಕೊಂಡಿದ್ದಳು. ಅದನ್ನು ಅಣಿಮಾಡಿಕೊಟ್ಟವಳು ಹ್ವಾಸುನ್. ಆಮೇಲೆ ಅದು ತೆರೆಯದಿದ್ದಾಗ, “ವಯಸ್ಸಾಯ್ತಲ್ಲಕ್ಕ, ರೆಪ್ಪೆ ಜೋತು ಬಿದ್ದಿದೆ” ಎಂದವಳೂ ಅವಳೇ. ಊರಿನ ಅರ್ಧ ಮುದುಕಿಯರು ರೆಪ್ಪೆ ಎತ್ತಿಸಿಕೊಂಡಿದ್ದರು, ಗಿಲ್‌ಜಾಳೂ ಹೋಗಿ ಕತ್ತಿಗೆ ಮುಖ ಕೊಟ್ಟಳು.

ಅವಳಿಗೆ ಫೋನಿನ ಹುಚ್ಚೇನೂ ಇರಲಿಲ್ಲ. ಇದ್ದದ್ದು ಮಗಳ ಹಂಬಲ. ಸಿಯೋಲ್‌ನಲ್ಲಿದ್ದ ಸೋಲ್‌ಹಿ ಶರತ್ಕಾಲದ ಚುಸೋಕ್ ಸುಗ್ಗಿಹಬ್ಬಕ್ಕೆ ಬಸುರಿಯಾಗಿ ಬಂದಿದ್ದಳು. ಈ ಫೋನು ನನ್ನ ಕಣ್ಣಿಗೆ ಬಿಟ್ಟರೆ ಬೇರೆ ಯಾರಿಗೂ ತೆರೆಯಲ್ಲ ಎಂದು ಗಿಲ್‌ಜಾ ಮಗಳೆದುರು ಜಂಬ ಕೊಚ್ಚಿ, ಮರೆಯಲ್ಲಿ ನಂಬರ್ ಒತ್ತಿದ್ದಳು. ಅಂದೇ ಸಂಜೆ ಅಳಿಯನ ಮಾತು ಬಂದು ಜಗಳವಾಯಿತು. ಮಗಳು ತಾನು ಕಟ್ಟಿಕೊಟ್ಟ ಕಿಮ್ಚಿಯ, ಎಲೆಕೋಸಿನ ಉಪ್ಪಿನಕಾಯಿಯ, ಡಬ್ಬಿಯನ್ನೂ ಬಿಟ್ಟು ಹೊರಟುಹೋದಳು. ಆಮೇಲೆ ಒಂದು ಕರೆಯಿಲ್ಲ, ಒಂದು ಮೆಸೇಜಿಲ್ಲ. ವಸಂತದಲ್ಲಿ ಚೆರ್ರಿ ಹೂ ಬಿಡುವ ಹೊತ್ತಿಗೆ ಹೆರಿಗೆ ಎಂದಿದ್ದರು. ಹೂ ಬಿಟ್ಟು ಉದುರಿಯೂ ಆಗಿತ್ತು.

“ಅವಳೇ ಮೊದಲು ಮಾಡ್ಲಿ. ಈಗ ಬಗ್ಗಿದ್ರೆ ಜೀವನಪೂರ್ತಿ ಬಗ್ಗಬೇಕು,” ಎನ್ನುತ್ತಿದ್ದಳು ಹ್ವಾಸುನ್. ಗಿಲ್‌ಜಾಳಿಗೂ ಹಟ. ಆದರೂ ಬಾಣಂತಿಯ ಸಾರಿಗೆಂದು ಆಳುದ್ದದ ಒಣ ಕಡಲಪಾಚಿ ತಂದು, ಮಡಿಸದೆ, ಬಟ್ಟೆ ಬದಲಿಸುವ ಕೋಣೆಯ ಬೀರುಗಳ ಮೇಲೆ ಚಾಚಿಟ್ಟಿದ್ದಳು. ಬಾಣಂತಿಯ ಪಾಚಿಯನ್ನು ಚೌಕಾಸಿ ಮಾಡಬಾರದು, ಮುರಿಯಬಾರದು ಎಂಬ ನಂಬಿಕೆ.

ಮರುದಿನ ಅವಳು ಬಸ್ ನಿಲ್ದಾಣದ ಪಕ್ಕದ ಫೋನಿನಂಗಡಿಗೆ ಹೋದಳು. ಅಂಗಡಿಯಾಕೆ ಅವಳನ್ನು ಬೆಳಕಿನಲ್ಲಿ ನಿಲ್ಲಿಸಿ, ಫೋನನ್ನು ಮುಖಕ್ಕೆ ಹಿಡಿದು ಹಲವು ಸಲ ನೋಡಿದಳು.

“ರೆಪ್ಪೆಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಇದು ನೋಡೋದು ಪಾಪೆ ಸುತ್ತ ಇರೋ ಬಣ್ಣದ ಬಳೆ. ಒಳಗೆ ಒಬ್ಬರ ಕಣ್ಣಿಗಷ್ಟೇ ಜಾಗ. ಇಲ್ಲಿರೋದು ನಿಮ್ಮದಲ್ಲ.”

“ಮತ್ತೆ ಯಾರದು?”

“ಅದನ್ನ ಇದು ಹೇಳಲ್ಲ. ಆ ಕಣ್ಣು ಎದುರಿಗೆ ಬಂದ್ರೆ ತೆರೆಯತ್ತೆ, ಅಷ್ಟೆ. ಅಳಿಸಿ ನಿಮ್ಮದು ಹಾಕ್ಲಾ?”

“ಬೇಡ. ಇರ್ಲಿ.”

“ಇನ್ನೊಂದು ಕೇಳ್ಲಾ? ಈ ಸೋಲ್‌ಹಿ ಅನ್ನೋರ ನಂಬರನ್ನ ನೀವೇ ತಡೆ ಹಿಡಿದಿದ್ದೀರಾ?”

ತಡೆದಿಟ್ಟ ಮೆಸೇಜುಗಳು ಒಂದರ ಕೆಳಗೊಂದು ಬಿದ್ದಿದ್ದವು. ‘ಅಮ್ಮಾ, ಹೆಣ್ಣು ಮಗು.’ ‘ನಂಗೆ ಮಗಳೇ ಇಲ್ಲ ಅಂತ ಬರೆದ್ಯಲ್ಲ, ಇನ್ನೂ ಅದೇ ಮಾತಾ?’ ‘ಸರಿ. ಇನ್ಮೇಲೆ ತೊಂದ್ರೆ ಕೊಡಲ್ಲ.’ ಅಂಗಡಿಯಾಕೆ ತಡೆ ತೆಗೆದುಕೊಟ್ಟಳು. ಗಿಲ್‌ಜಾ ಅಲ್ಲೇ ನಿಂತು ಮಗಳಿಗೆ ಕರೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಯಾರ ಕಣ್ಣೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯಿತೆಂದು ಯಾರಾದರೂ ಹೇಳಿದ್ದರೆ ನಿನ್ನೆಯವರೆಗೂ ಅವರ ಮೇಲೇ ಜಗಳಕ್ಕೆ ಹೋಗುತ್ತಿದ್ದಳು.

ಮಧ್ಯಾಹ್ನ ಸ್ನಾನಗೃಹದಲ್ಲಿ ಗಿರಾಕಿಗಳಿರಲಿಲ್ಲ. ವಾರಕ್ಕೊಮ್ಮೆ ಒಬ್ಬರ ಬೆನ್ನನ್ನೊಬ್ಬರು ಉಜ್ಜುವುದು ಅವರಿಬ್ಬರ ರೂಢಿ. ಹ್ವಾಸುನ್ ಬೋರಲು ಮಲಗಿದಳು. ಗಿಲ್‌ಜಾ ಮೈ ಉಜ್ಜುವ ಕೈಗವಸು ಹಾಕಿಕೊಂಡು ಎಡಗಡೆಯಷ್ಟೇ ಉಜ್ಜಿ, ಮಗ್ಗುಲಾಗು ಎನ್ನುವುದಕ್ಕೆ ಗಿರಾಕಿಗಳಿಗೆಲ್ಲ ತಟ್ಟುವಂತೆ ಬೆನ್ನಿನ ಮೇಲೆ ತಟ್ಟಿದಳು.

“ಅಯ್ಯೋ, ಇನ್ನೂ ಅರ್ಧಾನೂ ಆಗಿಲ್ಲ!” ಎನ್ನುತ್ತಾ ಹ್ವಾಸುನ್ ಕಣ್ಣರಳಿಸಿ ಹೊರಳಿದಳು. ಮುಖದೆದುರು ಗಿಲ್‌ಜಾ ಹಿಡಿದ ಫೋನಿತ್ತು.

ಅದು ಕೂಡಲೇ ತೆರೆದುಕೊಂಡಿತು. ಗಿಲ್‌ಜಾಳೆದುರು ಒಮ್ಮೆಯೂ ಆಗದಷ್ಟು ಸಲೀಸಾಗಿ ತೆರೆದುಕೊಂಡಿತು.

ಹ್ವಾಸುನ್ ಎದ್ದು ಕೂತು ಟವೆಲಿಗೆ ತಡಕಾಡಿದಳು. “ಮೊದಲು ತಮಾಷೆಗೆ ನನ್ನ ಕಣ್ಣು ಹಾಕಿ ನೋಡ್ದೆ ಅಕ್ಕ, ನನ್ನಾಣೆ. ತೆಗೀಬೇಕು ಅಂತಿದ್ದೆ. ಅಷ್ಟರಲ್ಲಿ ನಿನ್ನ ಮಗಳ ಮೆಸೇಜ್ ಬಂತು. ತಪ್ಪಾಯ್ತಮ್ಮ, ಇಲ್ಲಿಗೇ ಬಂದ್ಬಿಡು, ಮಗು ನೋಡ್ಕೊಂಡು ನಮ್ಮ ಜೊತೇಲೇ ಇರು ಅಂತ. ನೀನು ಹೋದ್ರೆ ನಂಗೆ ಯಾರಿದ್ದಾರೆ ಹೇಳು?”

“ಅದಕ್ಕೆ ನಂಗೆ ಮಗಳೇ ಇಲ್ಲ ಅಂತ ಬರೆದ್ಯಾ?”

“ಒಂದೇ ಸಲ ಅಕ್ಕ.”

“ಹೆತ್ತ ಕರುಳು ಕಡಿಯೋಕೆ ಎಷ್ಟು ಸಲ ಬೇಕೇ? ಸುಮ್ನೆ ನನ್ನ ಮುಖಾನೂ ಕೊಯ್ಯಿಸಿದ್ಯಲ್ಲೇ ಪಾಪಿ! ನೋವಾಯ್ತಾ ಅಂತ ಕೇಳಿ ಗಂಜಿ ಬೇರೆ ಕುಡಿಸ್ದೆ.”

ಗಿಲ್‌ಜಾ ಕೈಗವಸು ಕಳಚಿ ಕಲ್ಲಿನ ಮೇಲೆಸೆದು, ಬಟ್ಟೆ ತೊಟ್ಟು, ಕಡಲಪಾಚಿಯನ್ನು ಇಳಿಸಿಕೊಂಡಳು.

“ಅಕ್ಕಾ, ಬೆನ್ನು ಅರ್ಧಕ್ಕೇ ಬಿಟ್ಟು ಹೋಗ್ತೀಯಾ?”

“ಉಳಿದದ್ದು ನೀನೇ ಉಜ್ಜಿಕೋ. ನನ್ನ ಸಂಸಾರದವರೆಗೂ ಚಾಚಿದ ಕೈ, ನಿನ್ನ ಬೆನ್ನಿಗೆ ಎಟುಕಲ್ವಾ?”

ರೈಲು ನಿಲ್ದಾಣದ ಬಸ್ಸಿಗೆ ಕಾಯುತ್ತಾ ನಂಬರ್ ಒತ್ತಿ ಫೋನು ತೆರೆದು ಮಗಳಿಗೆ ಬರೆದಳು: ‘ಆ ಮಾತು ನಾನು ಬರೆದದ್ದಲ್ಲ ಕಣೇ. ಬೇರೆಯವರು ನನ್ನ ಫೋನಿಂದ ಬರೆದದ್ದು. ಪಾಚಿ ತಗೊಂಡು ಬರ್ತಿದ್ದೀನಿ.’

ಈ ಸಲ ಉತ್ತರ ಬಂತು. ‘ಈ ಫೋನು ನನ್ನ ಕಣ್ಣಿಗೆ ಬಿಟ್ಟರೆ ಬೇರೆ ಯಾರಿಗೂ ತೆರೆಯಲ್ಲ ಅಂತ ನೀನೇ ಹೇಳಿದ್ಯಲ್ಲಮ್ಮ.’

ಗಿಲ್‌ಜಾ ಅದನ್ನು ಮತ್ತೊಮ್ಮೆ ಓದಿದಳು. ಬಸ್ಸು ಬಂತು. ಪಾಚಿ ಮುರಿಯದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಹತ್ತಿದಳು.