ಜೊತೆಗೆ ಬಂದವಳು

ಕಾಲೇಜೊಂದರ ಸಾಫ್ಟ್‌ಬಾಲ್ ತಂಡದ ಕೋಚ್ ಲಿಂಡಾಲ್ ಉತ್ತರ ಡಕೋಟಾದಿಂದ ಎರಡು ವಿಮಾನ ಬದಲಿಸಿ, ಟೂಸಾನ್‌ನಿಂದ ಬಾಡಿಗೆ ಕಾರಿನಲ್ಲಿ ಮೂರು ತಾಸು ದಾರಿ ಸವೆಸಿ ದಕ್ಷಿಣದ ಆ ತಾಮ್ರದ ಗಣಿ ಊರಿಗೆ ಬಂದದ್ದು ಶೆಲ್ಬಿ ಟ್ರುಯೆಟ್‌ಳನ್ನು ಒಂದು ಪಂದ್ಯದಲ್ಲಿ ನೋಡುವುದಕ್ಕೆ. ಅದು ಗೊತ್ತಿಲ್ಲದವರು ಊರಿನಲ್ಲಿ ಯಾರೂ ಇರಲಿಲ್ಲ. ಶೆಲ್ಬಿ ಸೊಂಟದ ಕೆಳಗಿನಿಂದ ಕೈ ಬೀಸಿ ಚೆಂಡು ಬಿಟ್ಟಳೆಂದರೆ ಅದು ನೇರ ಬಂದಂತೆ ಬಂದು ಬ್ಯಾಟಿನ ಹತ್ತಿರ ತಟ್ಟನೆ ಕುಸಿಯುತ್ತಿತ್ತು. ಸುತ್ತಲಿನ ಹೈಸ್ಕೂಲುಗಳಲ್ಲಿ ಅದನ್ನು ಸರಿಯಾಗಿ ಹೊಡೆದ ಹುಡುಗಿಯರು ನಾಲ್ಕೋ ಐದೋ ಜನ ಇದ್ದಾರು.

ಆ ಚೆಂಡನ್ನು ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದ ಕ್ಯಾಚರ್ ನೆರೇಡಾ ಬಾರೆಲಾ. ಎಂಟನೇ ವಯಸ್ಸಿನಿಂದ ಅವಳೇ ಹಿಡಿದಿದ್ದಳು. ಮೊದಲು ಶೆಲ್ಬಿಯ ಮನೆಯ ಹಿತ್ತಲಲ್ಲಿ, ಆಮೇಲೆ ಊರಿನ ಮಕ್ಕಳ ತಂಡದಲ್ಲಿ, ಆಮೇಲೆ ಹೈಸ್ಕೂಲಿನಲ್ಲಿ. ಚೆಂಡು ಎಲ್ಲಿ ಬೀಳುತ್ತದೆಂದು ಎಸೆದವಳಿಗಿಂತ ಮುಂಚೆ ನೆರೇಡಾಳ ಕೈಗೆ ಗೊತ್ತಾಗುತ್ತಿತ್ತು. ಬ್ಯಾಟು ಹಿಡಿದರೆ ಮಾತ್ರ ಅವಳು ಸಾಧಾರಣ ಆಟಗಾರ್ತಿ. ಅದನ್ನು ಅವಳೂ ಬಲ್ಲಳು. ಹಾಗಾಗಿ ಪಂದ್ಯ ಮುಗಿದ ಮರುದಿನ ಮಧ್ಯಾಹ್ನ ಕೋಚ್ ತನ್ನ ಮನೆಯ ಬಾಗಿಲಲ್ಲೂ ನಿಂತಾಗ ಮನೆ ತಪ್ಪಿ ಬಂದಿರಬೇಕೆಂದುಕೊಂಡಳು.

ತಾಯಿ ಒಫೇಲಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು; ಮನೆಗೆ ಬಂದವರನ್ನು ಉಣಿಸದೆ ಕಳಿಸಿದವಳಲ್ಲ. ಕೆಂಪು ಮೆಣಸಿನಕಾಯಿಯ ಗೊಜ್ಜಿನಲ್ಲಿ ಅದ್ದಿದ ರೊಟ್ಟಿಯ ಸುರುಳಿ, ಎಂಚಿಲಾಡಾ ಬಡಿಸಿದಳು. ಕೋಚ್ ಮೂಗು ಒರೆಸಿಕೊಳ್ಳುತ್ತ, ನೀರು ಕುಡಿಯುತ್ತ, ತಟ್ಟೆ ಖಾಲಿ ಮಾಡಿದರು.

"ನಿಮ್ಮ ಮಗಳೂ ನಮ್ಮಲ್ಲಿಗೆ ಬರಲಿ," ಎಂದರು. "ಓದಿನ ಖರ್ಚು ಕಾಲೇಜಿಂದು."

"ಅಷ್ಟು ದೂರಾನಾ?" ಎಂದಳು ಒಫೇಲಿಯಾ.

"ದೂರ ಹೌದು. ಆದ್ರೆ ಇಬ್ಬರೂ ಜೊತೆಗಿರ್ತಾರಲ್ಲ."

ತಂದೆ ಎಫ್ರೇನ್ ಗಣಿಯಲ್ಲಿ ಅದಿರು ಹೊರುವ ದೈತ್ಯ ಲಾರಿ ಓಡಿಸುವವನು, ಮಾತು ಕಡಿಮೆ. ಊಟ ಮುಗಿದ ಮೇಲೆ ಕೋಚ್‌ರನ್ನು ಕಾರಿನ ತನಕ ಬಿಟ್ಟುಬರಲು ಹೋದವನು ಬಿಸಿಲಿನಲ್ಲಿ ತುಂಬಾ ಹೊತ್ತು ಅವರ ಜೊತೆ ಮಾತಾಡುತ್ತ ನಿಂತ. ಒಳಗೆ ಬಂದವನು ಮಗಳ ತಲೆಯ ಮೇಲೆ ಕೈಯಿಟ್ಟು, "ಹೋಗು ಮಿಹಾ. ಇಂಥದ್ದು ಮನೆ ಬಾಗಿಲಿಗೆ ಮತ್ತೆ ಬರಲ್ಲ," ಎಂದ. ಮಿಹಾ ಎಂದರೆ ಮಗಳೇ ಎಂದು. ಅವಳು ಹುಟ್ಟಿದಂದಿನಿಂದ ಅವನು ಕರೆಯುತ್ತಿದ್ದದ್ದು ಹಾಗೆಯೇ, ಸಿಟ್ಟು ಬಂದಾಗ ಮಾತ್ರ ನೆರೇಡಾ.

ನವೆಂಬರಿನಲ್ಲಿ ಶಾಲೆಯ ಸಭಾಂಗಣದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಕಾಲೇಜಿನ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದರು. ಬೇಕರಿಯವಳು ಇಬ್ಬರ ಹೆಸರೂ ಬರೆದ ಕೇಕು ತಂದಿದ್ದಳು. ಒಂದೇ ಊರಿನಿಂದ ಒಂದೇ ವರ್ಷ ಇಬ್ಬರು ಅಂತ ಜನ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು.

ಮುಂದಿನ ಆಗಸ್ಟಿನಲ್ಲಿ ಶೆಲ್ಬಿಯ ಪಿಕಪ್ ಗಾಡಿಯಲ್ಲಿ ಎರಡು ದಿನ ದಾರಿ ಕಳೆದು ಅಲ್ಲಿಗೆ ಹೋದರು. ಅಕ್ಟೋಬರು ಮುಗಿಯುವಷ್ಟರಲ್ಲಿ ಮೈದಾನ ಹಿಮದಡಿ ಸೇರಿತು. ಅಭ್ಯಾಸವೆಲ್ಲ ದೊಡ್ಡ ಶೆಡ್ಡಿನೊಳಗೆ. ನೆರೇಡಾಳಿಗಿಂತ ಮುಂದೆ ಇಬ್ಬರು ಕ್ಯಾಚರ್‌ಗಳಿದ್ದರು. ಮೊದಲನೆಯವಳು ಗ್ರೆಚೆನ್, ವಿಸ್ಕಾನ್ಸಿನ್‌ನ ಹೈನುಗಾರರ ಮಗಳು, ಅಗಲ ಹೆಗಲಿನ ಹುಡುಗಿ, ಕಡೇ ವರ್ಷದವಳು. ಅವಳು ಹೊಡೆದರೆ ಚೆಂಡು ಶೆಡ್ಡಿನ ಆಚೆ ಬಲೆಗೆ ಹೋಗಿ ಬಡಿಯುತ್ತಿತ್ತು. ನೆರೇಡಾ ಯಂತ್ರ ಎಸೆಯುವ ಚೆಂಡಿಗೆ ಬ್ಯಾಟು ಬೀಸುತ್ತಿದ್ದಳು, ಚೆಂಡು ಅದರ ಮೇಲಿಂದ ಹಾದುಹೋಗುತ್ತಿತ್ತು. ದಿನಾ ಬೆಳಿಗ್ಗೆ ತರಗತಿಗೆ ಮುಂಚೆ ಒಬ್ಬಳೇ ಬಂದು ನೂರು ಸಲ ಬೀಸುತ್ತಿದ್ದಳು. ಅಂಗೈ ಬೊಬ್ಬೆ ಬಂದು ಒಡೆಯಿತು, ಬ್ಯಾಟು ಸುಧಾರಿಸಲಿಲ್ಲ.

ಶೆಲ್ಬಿಯ ಹಾಗೆ ಚೆಂಡು ಎಸೆಯುವ ಪಿಚರ್‌ಗಳು ತಂಡದಲ್ಲಿ ಐದು ಜನ. ಐವರ ಚೆಂಡನ್ನೂ ಹಿಡಿಯುವ ಕೆಲಸ ಬರಬರುತ್ತ ಅವಳದೇ ಆಯಿತು. "ಗೋಡೆ" ಎಂದು ಗ್ರೆಚೆನ್ ಅವಳಿಗೆ ಹೆಸರಿಟ್ಟಳು.

"ಏ ಗೋಡೆ, ಇನ್ನೊಂದು ಇಪ್ಪತ್ತು ಹಿಡೀತೀಯಾ? ನಂಗೆ ಹೊಟ್ಟೆ ಹಸೀತಿದೆ."

"ಹೋಗು. ನನಗೂ ಒಂದು ಬಾಳೆಹಣ್ಣು ತಗೊಂಡು ಬಾ."

"ಗೋಡೆಗಳು ಬಾಳೆಹಣ್ಣು ತಿನ್ನಲ್ಲ ಕಣೇ."

ಎಲ್ಲರೂ ನಗುತ್ತಿದ್ದರು, ನೆರೇಡಾ ಕೂಡ. ಆ ಹೆಸರು ಅವಳಿಗೆ ಮೊದಮೊದಲು ಇಷ್ಟವೇ ಆಗಿತ್ತು. ಮನೆಗೆ ಫೋನ್ ಮಾಡಿದಾಗ, "ಎಲ್ಲಾ ಚೆನ್ನಾಗಿದೆ ಅಮ್ಮಾ, ಗ್ರೆಚೆನ್ ಹೋದ್ಮೇಲೆ ನನಗೂ ಆಡೋ ಅವಕಾಶ ಸಿಗುತ್ತೆ," ಎನ್ನುತ್ತಿದ್ದಳು. ಅದನ್ನು ನಂಬಿಯೂ ಇದ್ದಳು.

ಏಪ್ರಿಲ್ ಕೊನೆಯ ಶನಿವಾರ ಅಪ್ಪ ಅಮ್ಮ ಬಂದರು. ಎಫ್ರೇನ್ ರಜೆ ಹಾಕಿ, ಎರಡು ದಿನ ತಾನೇ ಗಾಡಿ ಓಡಿಸಿಕೊಂಡು ಬಂದಿದ್ದ. ಐಸಿನ ಪೆಟ್ಟಿಗೆಯಲ್ಲಿ ಒಫೇಲಿಯಾ ಮಾಡಿದ ತಮಾಲೆಗಳು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು. ಎಫ್ರೇನ್‌ನ ಕೈಯಲ್ಲೊಂದು ಸುರುಳಿ ಸುತ್ತಿದ ಬ್ಯಾನರು. ಗಣಿಯ ಗೆಳೆಯರು ಸೇರಿ ಮಾಡಿಸಿಕೊಟ್ಟದ್ದು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬಾರೆಲಾ, ಕೆಳಗೆ ಅವಳ ಅಂಗಿಯ ಸಂಖ್ಯೆ ಇಪ್ಪತ್ತೆರಡು.

ಅವತ್ತು ಒಂದಾದ ಮೇಲೊಂದು ಎರಡು ಪಂದ್ಯ. ಬೇಲಿಯ ಬುಡದಲ್ಲಿ ಕೊಳಕು ಹಿಮ ಇನ್ನೂ ಗುಡ್ಡೆ ಬಿದ್ದಿತ್ತು. ನೆರೇಡಾ ಮೈದಾನದ ಆಚೆ ತುದಿಯಲ್ಲಿ, ಬೇಲಿಯ ಹಿಂದೆ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗದಲ್ಲಿ ಚೆಂಡು ಹಿಡಿಯುತ್ತಿದ್ದಳು. ಅಲ್ಲಿಂದ ಅಪ್ಪ ಕಾಣುತ್ತಿದ್ದ. ಮೊದಲನೆಯ ಪಂದ್ಯ ಶುರುವಾದಾಗ ಅವನೂ ಅಮ್ಮನೂ ಎದ್ದು ನಿಂತು ಬ್ಯಾನರನ್ನು ಬಿಚ್ಚಿ ಹಿಡಿದಿದ್ದರು. ಮೂರನೇ ಇನ್ನಿಂಗ್ಸಿನ ಹೊತ್ತಿಗೆ ಕೂತುಕೊಂಡರು, ಬ್ಯಾನರು ಮಡಿಲಲ್ಲಿತ್ತು. ಎರಡನೇ ಪಂದ್ಯದಲ್ಲಿ ಅವಳು ತಿರುಗಿ ನೋಡಿದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಚಳಿಗೆ ಅಮ್ಮನ ಮಂಡಿಯ ಮೇಲೆ ಹೊದಿಸಿದ್ದರು. ಆಮೇಲೆ ಅವಳು ತಿರುಗಿ ನೋಡಲಿಲ್ಲ. ತಂಡ ಆರು ರನ್‌ಗಳಿಂದ ಮುಂದಿತ್ತು. ಕಡೇ ಇನ್ನಿಂಗ್ಸಿಗಾದರೂ ಕರೆಯುತ್ತಾರೆಂದು ಮುಖದ ಕವಚ ತಲೆಯ ಮೇಲೆ ಏರಿಸಿಕೊಂಡೇ ನಿಂತಿದ್ದಳು. ಕರೆಯಲಿಲ್ಲ.

ಪಂದ್ಯ ಮುಗಿದ ಮೇಲೆ ಶೆಲ್ಬಿ ಓಡಿಬಂದು ಒಫೇಲಿಯಾಳನ್ನು ತಬ್ಬಿಕೊಂಡಳು. ಒಫೇಲಿಯಾ ಅವಳ ಕೈಗೂ ಹನ್ನೆರಡು ತಮಾಲೆ ಕಟ್ಟಿಕೊಟ್ಟಳು. ಎಫ್ರೇನ್ ಮಗಳ ಮುಖ ನೋಡದೆ, "ಮಂಡಿ ನೋಯುತ್ತಾ?" ಎಂದು ಕೇಳಿದ.

"ಇಲ್ಲ ಅಪ್ಪಾ."

"ಕೈ?"

"ಇಲ್ಲ."

"ಚೆನ್ನಾಗಿ ಹಿಡಿದೆ," ಎಂದ. "ನಾನು ಅಲ್ಲಿಂದ ನೋಡ್ತಾನೇ ಇದ್ದೆ. ಒಂದೂ ಬಿಡಲಿಲ್ಲ ನೀನು."

ಮೇ ತಿಂಗಳಲ್ಲಿ ತಂಡ ಕಡೆಯ ಟೂರ್ನಿಯಲ್ಲಿ ಸೋತು ಬಂದ ನಾಲ್ಕನೇ ದಿನ ನೆರೇಡಾ ಹಾಸ್ಟೆಲ್ ಕೋಣೆಗೆ ಬಂದರೆ ಶೆಲ್ಬಿ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಳು.

"ಒಂದು ಮಾತು ಹೇಳಬೇಕು ಕಣೇ, ಕೂತ್ಕೋ," ಎಂದಳು. "ನಾನು ಬೇರೆ ಕಾಲೇಜಿಗೆ ಹೋಗ್ತಿದೀನಿ. ಓಕ್ಲಹೋಮಾ ಕಡೆ. ದೊಡ್ಡ ತಂಡ. ಅವರೇ ಕರೆದ್ರು."

"ಯಾವಾಗ?"

"ಮಾರ್ಚಿಂದ ಮಾತು ನಡೀತಿತ್ತು."

ನೆರೇಡಾಳ ಬಾಯಿಂದ ಯೋಚನೆಗೆ ಮುಂಚೆಯೇ ಮಾತು ಬಂದುಬಿಟ್ಟಿತು. "ಮತ್ತೆ ನಾನು?"

ಶೆಲ್ಬಿ ಕೈಯಲ್ಲಿದ್ದ ಕಾಲುಚೀಲವನ್ನು ಮಡಿಸಿದಳು, ಬಿಚ್ಚಿದಳು. "ಕೇಳಿದೆ. ಅಲ್ಲಿ ಆಗ್ಲೇ ನಾಲ್ಕು ಜನ ಕ್ಯಾಚರ್‌ಗಳಿದಾರಂತೆ."

ಅದೇನು ಕೇಳಿದ್ದು, ಯಾಕೆ ಕೇಳಿದ್ದು ಎಂದು ನೆರೇಡಾ ಆಗ ಯೋಚಿಸಲಿಲ್ಲ. ಅವಳಿಗೆ ಅರ್ಥವಾದದ್ದು ಎರಡು ದಿನದ ಮೇಲೆ, ಕೋಚ್ ಲಿಂಡಾಲ್ ತಮ್ಮ ಕೋಣೆಗೆ ಕರೆಸಿದಾಗ. ಕೋಚ್ ಬಾಗಿಲು ಹಾಕಿದರು. ಸ್ಕಾಲರ್‌ಶಿಪ್ ವರ್ಷ ವರ್ಷಕ್ಕೂ ಹೊಸದಾಗಿ ಕೊಡುವಂಥದ್ದು ಎಂದು ಶುರುಮಾಡಿ, ಸ್ವಲ್ಪ ಸುತ್ತಿ ಬಳಸಿ, ಮುಂದಿನ ವರ್ಷಕ್ಕೆ ಅವಳ ಹೆಸರು ಇಲ್ಲವೆಂದು ಹೇಳಿದರು.

"ನಾನೇನು ತಪ್ಪು ಮಾಡ್ದೆ ಕೋಚ್?"

"ತಪ್ಪೇನಿಲ್ಲಮ್ಮ. ನಿನ್ನಷ್ಟು ಚೆನ್ನಾಗಿ ಚೆಂಡು ಹಿಡಿಯೋರು ನನ್ನ ತಂಡದಲ್ಲೇ ಇಲ್ಲ. ಆದ್ರೆ ನಿನ್ನ ಬ್ಯಾಟು ಈ ಮಟ್ಟಕ್ಕೆ ಸಾಲಲ್ಲ. ಅದು ನಿನಗೂ ಗೊತ್ತು."

"ಅದು ನನ್ನ ಊರಿಗೆ ಬಂದಾಗ್ಲೂ ನಿಮಗೆ ಗೊತ್ತಿತ್ತು. ಮತ್ಯಾಕೆ ಕರ್ಕೊಂಡು ಬಂದ್ರಿ?"

ಕೋಚ್ ಅವಳನ್ನೇ ನೋಡಿದರು. ಅವರ ಮುಖ ಪೆಚ್ಚಾಯಿತು.

"ಶೆಲ್ಬಿ ನೀನಿಲ್ಲದೆ ಬರಲ್ಲ ಅಂದಿದ್ಲು," ಎಂದರು. "ನಿಮ್ಮಪ್ಪ ಹೇಳಿಲ್ವಾ?"

ಹೊರಗೆ ಬಂದು ನೆರೇಡಾ ಶೆಡ್ಡಿನ ಹಿಂದೆ ಗೋಡೆಗೊರಗಿ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಅಲ್ಲಿ ಮಧ್ಯಾಹ್ನ, ಅವನು ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿದ್ದ. ಕೋಚ್ ಹೇಳಿದ್ದು ನಿಜವೇ ಎಂದು ಕೇಳಿದಳು.

"ಹೇಳಿದ್ರು ಮಿಹಾ. ಅವತ್ತು ಕಾರಿನ ಹತ್ರ ಹೇಳಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ತಿರಲಿಲ್ಲ."

"ಹೋಗ್ತಿರಲಿಲ್ಲ."

"ಅಲ್ಲಿಗೆ ಹೋಗಿ ಸೇರ್ಕೊಂಡ್ರೆ ಸಾಕು, ನಿನ್ನ ಆಟ ನೋಡಿದ್ಮೇಲೆ ಅವರೇ ಬಿಡಲ್ಲ ಅಂದ್ಕೊಂಡೆ. ಒಂದ್ಸಲ ನೋಡ್ಲಿ ಅಂದ್ಕೊಂಡೆ."

"ನೋಡಿದ್ರು ಅಪ್ಪಾ. ವರ್ಷಪೂರ್ತಿ ನೋಡಿದ್ರು."

ಎಫ್ರೇನ್ ಅಳುತ್ತಿದ್ದ. ಅವನು ಅತ್ತದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಸಮಾಧಾನ ಹೇಳಬೇಕೆನಿಸಿತು, ಆದರೂ ಫೋನ್ ಇಟ್ಟಳು.

ಬೇರೆ ಕಾಲೇಜುಗಳ ನಲವತ್ತು ಕೋಚ್‌ಗಳಿಗೆ ಅವಳು ಪತ್ರ ಕಳಿಸಿದಳು. ಆಟದ ವಿಡಿಯೋ ಕಳಿಸಿ ಎಂದು ಮೂವರು ಉತ್ತರ ಬರೆದರು. ಒಂದು ವರ್ಷದಲ್ಲಿ ಪಂದ್ಯದೊಳಗೆ ಒಮ್ಮೆಯೂ ಕಾಲಿಡದವಳ ಹತ್ತಿರ ವಿಡಿಯೋ ಎಲ್ಲಿಂದ ಬರಬೇಕು? ಹೈಸ್ಕೂಲಿನದ್ದನ್ನೇ ಕಳಿಸಿದಳು. ಅದರಲ್ಲಿ ನೋಡುವವರ ಕಣ್ಣು ಹೋಗುತ್ತಿದ್ದದ್ದು ಶೆಲ್ಬಿಯ ಕಡೆಗೇ. ಒಬ್ಬರು ಮರಳಿ ಬರೆದು ಆ ಪಿಚರ್ ಯಾರು ಎಂದು ಕೇಳಿದರು.

ಊರಿಗೆ ವಾಪಸು ಹೋಗುವುದಕ್ಕೂ ಇದ್ದದ್ದು ಶೆಲ್ಬಿಯ ಪಿಕಪ್ಪೇ. ಮೊದಲ ದಿನ ದಕ್ಷಿಣ ಡಕೋಟಾ, ನೆಬ್ರಾಸ್ಕಾ ದಾಟುವ ತನಕ ಇಬ್ಬರೂ ಪೆಟ್ರೋಲು, ಕಾಫಿ, ದಾರಿ ಬಿಟ್ಟು ಬೇರೆ ಮಾತಾಡಲಿಲ್ಲ. ಎರಡನೇ ದಿನ ಬೆಳಿಗ್ಗೆ ನ್ಯೂ ಮೆಕ್ಸಿಕೋದ ಬಯಲಿನಲ್ಲಿ ಶೆಲ್ಬಿಗೆ ತಡೆಯಲಾಗಲಿಲ್ಲ.

"ಬೈಯೇ ಮಾರಾಯ್ತಿ. ಏನಾದ್ರೂ ಬೈಯೇ. ಹೀಗೆ ಕಲ್ಲಿನ ಥರ ಕೂರಬೇಡ."

"ಬೈಯೋಕೆ ಏನಿದೆ? ನಿನ್ನಿಂದ ಒಂದು ವರ್ಷ ಕಾಲೇಜು ಸಿಕ್ತು."

"ಹಾಗೆ ಹೇಳಬೇಡ. ನಾನು ಒಳ್ಳೇದಕ್ಕೇ ಮಾಡಿದ್ದು. ಒಬ್ಬಳೇ ಅಷ್ಟು ದೂರ ಹೋಗೋಕೆ ನಂಗೆ ಭಯ ಇತ್ತು ಕಣೇ. ರಾತ್ರಿಯೆಲ್ಲಾ ವಾಂತಿ ಮಾಡ್ಕೋತಿದ್ದೆ. ನಮ್ಮಮ್ಮನ್ನ ಕೇಳು ಬೇಕಾದ್ರೆ."

"ಈಗ ಭಯ ಇಲ್ವಾ?"

ಶೆಲ್ಬಿ ಕನ್ನಡಿ ನೋಡಿ ಮುಂದಿದ್ದ ಲಾರಿಯನ್ನು ದಾಟಿದಳು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ.

"ಇಲ್ಲ," ಎಂದಳು.

ಊರಿನಲ್ಲಿ ಜನ ಕೇಳಿದರು, ಮುಂದಿನ ವರ್ಷ ಆಡಿಸ್ತಾರಾ ಎಂದು. ನೆರೇಡಾ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಎಫ್ರೇನ್ ಮನೆಯಲ್ಲಿ ಮಗಳ ಎದುರು ಬೀಳದಂತೆ ಓಡಾಡುತ್ತಿದ್ದ. ಊಟಕ್ಕೆ ಅವಳು ಕೂತರೆ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಒಫೇಲಿಯಾ ಇಬ್ಬರ ನಡುವೆ ತಟ್ಟೆ ಹಿಡಿದು ನಿಲ್ಲುತ್ತಿದ್ದಳು.

ಜೂನ್ ನಡುವಿನಲ್ಲಿ ಶೆಲ್ಬಿಯ ಸಂದೇಶ ಬಂತು. ಹೊಸ ಕಾಲೇಜಿನವರು ಹೊಸ ಎಸೆತ ಕಲಿತು ಬಾ ಎಂದಿದ್ದಾರೆ, ಹಿಡಿಯುವವರಿಲ್ಲ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ತಾಸು ಬರ್ತೀಯಾ ಎಂದು.

"ಹೋಗ್ಬೇಡ," ಎಂದಳು ಒಫೇಲಿಯಾ. "ನಾಚಿಕೆ ಇರಬೇಕು ಆ ಹುಡುಗಿಗೆ."

"ನನಗೆ ಬರೋದು ಅದೊಂದೇ ಅಮ್ಮಾ," ಎಂದು ನೆರೇಡಾ ಕವಚ ಎತ್ತಿಕೊಂಡು ಹೋದಳು.

ಜುಲೈ ಮುಗಿಯುವ ತನಕ ದಿನಾ ಹೋದಳು. ಚೆಂಡು ಈಗ ಮೊದಲಿಗಿಂತ ಬಿರುಸಾಗಿ ಬರುತ್ತಿತ್ತು, ಎಡಗೈ ಹೆಬ್ಬೆರಳಿನ ಬುಡ ಊದಿಕೊಂಡು ಸ್ಟೀರಿಂಗ್ ಹಿಡಿಯಲೂ ನೋಯುತ್ತಿತ್ತು. ಎಸೆತ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹೇಳುತ್ತಿದ್ದಳು. ಶೆಲ್ಬಿ ತಿದ್ದಿಕೊಳ್ಳುತ್ತಿದ್ದಳು. ಅದು ಬಿಟ್ಟು ಬೇರೆ ಮಾತಿಲ್ಲ. ಕಡೆಯ ದಿನ ಶೆಲ್ಬಿ ಅವಳನ್ನು ತಬ್ಬಿಕೊಂಡು ಅತ್ತಳು. ನೆರೇಡಾಳಿಗೆ ಅಳು ಬರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು. ಮನೆಗೆ ಹೋಗಿ ಬೆಳಗಿನ ಹತ್ತು ಗಂಟೆಗೇ ಮುಸುಕೆಳೆದು ಮಲಗಿದಳು. ಮೂರು ದಿನ ಸರಿಯಾಗಿ ಏಳಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳು ಗಣಿಯಲ್ಲಿ ಲಾರಿ ಓಡಿಸುವ ಕೆಲಸಕ್ಕೆ ಸೇರಿದಳು. ಅಪ್ಪನದು ಹಗಲು ಪಾಳಿಯಾದರೆ ತನಗೆ ಬೇರೆ ಪಾಳಿ ಬೇಕೆಂದು ಅವಳೇ ಕೇಳಿಕೊಂಡಿದ್ದಳು. ಮೊದಲ ದಿನ ಕಲಿಸುವುದಕ್ಕೆ ಬಂದವನು ಹೆಸರಿನ ಚೀಟಿ ನೋಡಿದ, ಅವಳ ಮುಖ ನೋಡಿದ.

"ಎಫ್ರೇನ್ ಮಗಳಲ್ವಾ? ದೂರದ ಕಾಲೇಜಿಗೆ ಸಾಫ್ಟ್‌ಬಾಲ್ ಆಡೋಕೆ ಕರೆಸ್ಕೊಂಡಿದ್ರಲ್ಲ, ಆ ಹುಡುಗಿ?"

"ಅಲ್ಲ," ಎಂದಳು ನೆರೇಡಾ. "ಅವಳು ಶೆಲ್ಬಿ."

ಅವನು ತಲೆಯಾಡಿಸಿ, ಲಾರಿಯ ಏಣಿ ಹತ್ತುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿಯಬೇಕೆಂದು ಹೇಳಿಕೊಡತೊಡಗಿದ. ಅವಳು ಅವನ ಹಿಂದೆ ಹತ್ತಿದಳು.