ಗೇಟು ದಾಟಿದ ಮೇಲೆ

ಮಗ ಸತ್ತ ಮೇಲೆ ಆ ತಾಯಿ ಯಾರನ್ನೂ ಕೂಗಿ ಕರೆಯುವುದನ್ನು ಬಿಟ್ಟಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅಷ್ಟೆ, ಬಾಗಿಲಲ್ಲಿ ಯಾರಾದರೂ ಬಂದು ನಿಂತರೂ ಅಷ್ಟೆ. ಕೋಣೆಯಿಂದ ಕೋಣೆಗೆ ನಡೆದು ಹೋಗಿ, ಸೊಸೆಯ ಭುಜ ಮುಟ್ಟಿ, ಮೆಲ್ಲನೆ ಹೇಳುತ್ತಿದ್ದಳು. ಮೊದಲೆಲ್ಲ ಆಕೆಯ ಗಂಟಲು ಎಂಥದ್ದೆಂದರೆ, ಅಡುಗೆಮನೆಯಲ್ಲಿ ಕೆಮ್ಮಿದರೆ ಬೀದಿಯ ಕೊನೆಯ ಮನೆಯವರು ನೀರು ಹಿಡಿದು ಓಡಿ ಬರಬೇಕು. ದುಃಖ ದನಿಯನ್ನು ನುಂಗಿತು ಎಂದು ನೆಂಟರು ಅಂದುಕೊಂಡರು. ಅಂದುಕೊಳ್ಳಲಿ ಬಿಡಿ, ನೆಂಟರಿಗೆ ಬೇರೆ ಕೆಲಸವೇನು. ನಿಜ ಏನೆಂದರೆ, ತನ್ನ ಕೂಗೇ ಮಗನನ್ನು ಕೊಂದಿತು ಎಂದು ಆಕೆ ನಂಬಿದ್ದಳು. ಅದನ್ನು ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಅವರದು ಮಣ್ಣು ಅಗೆಯುವ ಗುತ್ತಿಗೆ. ಹಳ್ಳಿಗಳಲ್ಲಿ ನೀರಿನ ಪೈಪಿಗೆ ಕಾಲುವೆ, ಕೊಟ್ಟಿಗೆಗೆ ಪಾಯ, ಹಿತ್ತಿಲಿಗೆ ಇಂಗುಗುಂಡಿ, ಬೇಲಿಗೆ ಕಂಬದ ಕುಳಿ. ಜನ ಅವರನ್ನು ಗುಂಡಿ ಮನೆಯವರು ಎಂದೇ ಕರೆಯುತ್ತಿದ್ದರು, ಅವರೂ ಆ ಹೆಸರಿಗೆ ನಗುತ್ತಲೇ ಓಗೊಡುತ್ತಿದ್ದರು. ದೊಡ್ಡ ಯಂತ್ರಗಳು ನುಗ್ಗಲಾರದ ಸಂದಿಗೊಂದಿಗಳಿಗೆಂದು ದೊಡ್ಡ ಮಗ ಒಂದು ಮಿನಿ ಡಿಗ್ಗರ್ ತಂದಿದ್ದ. ಕಬ್ಬಿಣದ ಚೌಕಟ್ಟಿನ ಎರಡೂ ಬದಿಗೆ ಗಾಲಿಯ ಬದಲು ರಬ್ಬರಿನ ಚೈನು, ಒಬ್ಬರಿಗೆ ಸೀಟು, ಮುಂದೆ ಬಕೆಟ್ ಹೊತ್ತ ಒಂದು ತೋಳು, ಅಷ್ಟೆ. ಅದನ್ನು ಅವನು ಹೂವಿನ ಗಿಡದ ಬುಡಕ್ಕೂ ನೋವಾಗದ ಹಾಗೆ ಓಡಿಸುತ್ತಿದ್ದ. ‘ದೊಡ್ಡವನು ಅಗೆದರೆ ಕಾಲುವೆ ಗೆರೆ ಎಳೆದಂಗಿರುತ್ತೆ’ ಎಂದು ಹೇಳಿಸಿಕೊಂಡವನು. ಆ ಮಾತು ಕೇಳಿದಾಗಲೆಲ್ಲ ತಾಯಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ದಿನ ಅವನು ಒಂದು ಮನೆಯ ಹಿಂದಿನ ಇಳಿಜಾರಿನಲ್ಲಿ ಬಚ್ಚಲು ನೀರಿನ ಕಾಲುವೆ ಅಗೆಯುತ್ತಿದ್ದ. ತಾಯಿ ಊಟದ ಡಬ್ಬಿ ಹಿಡಿದು ಹೋದವಳು ಗೇಟಿನ ಹತ್ತಿರ ನಿಂತು, ಊಟ ಆರಿಹೋಗುತ್ತೆ ಬಾರೋ ಎಂದು ಕೂಗಿದಳು. ಅವನು ತಲೆ ತಿರುಗಿಸಿದ. ಒಂದು ಕೈ ಎತ್ತಿದ. ನಕ್ಕ ಕೂಡ. ಆ ನಗು ಮುಗಿಯುವ ಮುಂಚೆಯೇ ಯಂತ್ರ ಇಳಿಜಾರಿನ ಕಡೆಗೆ ವಾಲಿ ಮಗುಚಿಕೊಂಡಿತು. ಮಣ್ಣು ಕುಸಿಯಿತು ಎಂದರು ಎಲ್ಲರೂ. ತಾಯಿ ಮಾತ್ರ ತಾನು ಕಂಡದ್ದನ್ನು ಕಂಡಿದ್ದಳು: ಕೂಗಿದ್ದು ತಾನು, ತಿರುಗಿದ್ದು ಅವನು, ಬಿದ್ದದ್ದು ಯಂತ್ರ. ಇದರಲ್ಲಿ ಇನ್ನೇನು ಲೆಕ್ಕ ಹಾಕುವುದಿದೆ?

ಅಂದಿನಿಂದ ಚಿಕ್ಕ ಮಗ ಯಂತ್ರ ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಅವನೂ ಅಣ್ಣನ ಪಕ್ಕದಲ್ಲೇ ಕೈ ಪಳಗಿಸಿಕೊಂಡವನು, ಆದರೆ ತಾಯಿಯ ಮಾತಿಗೆ ಎದುರಾಡಲಿಲ್ಲ. ಟ್ರ್ಯಾಕ್ಟರಿನಲ್ಲಿ ಮಣ್ಣು ಸಾಗಿಸಿಕೊಂಡು, ಗುದ್ದಲಿ ಹಿಡಿದುಕೊಂಡು ಇದ್ದ. ಬಿದ್ದ ಯಂತ್ರವನ್ನು ಗುಜರಿಗೆ ಹಾಕಿದರು. ಗುತ್ತಿಗೆಯ ಜವಾಬ್ದಾರಿ ದೊಡ್ಡವನ ಹೆಂಡತಿಯ ತಲೆಗೆ ಬಂತು. ಆಕೆ ಹೊರಗಿನಿಂದ ಯಂತ್ರವನ್ನೂ ಓಡಿಸುವವನನ್ನೂ ಬಾಡಿಗೆಗೆ ಕರೆಸಿ ಕೆಲಸ ಮಾಡಿಸುತ್ತಿದ್ದಳು. ಬಾಡಿಗೆಯವನ ಕಥೆ ಗೊತ್ತಿದ್ದದ್ದೇ. ಬೆಳಿಗ್ಗೆ ಬರುತ್ತೇನೆ ಎಂದರೆ ಯಾವ ಬೆಳಿಗ್ಗೆ ಎಂದು ಅವನೇ ತೀರ್ಮಾನಿಸಬೇಕು. ಬಂದರೂ ಅವನ ಯಂತ್ರ ಹಿತ್ತಿಲ ಗೇಟಿನಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಗೆ ಒಂದು ದೊಡ್ಡ ಕೆಲಸ ಸಿಕ್ಕಿತು, ಊರೂರಿನ ಹಿತ್ತಿಲುಗಳಲ್ಲಿ ಕುಡಿಯುವ ನೀರಿನ ಪೈಪು ಹೂಳುವುದು. ಆಗ ಸೊಸೆ ಅತ್ತೆಯ ಮುಂದೆ ಬಂದು ಕೂತಳು.

“ಅತ್ತೆ, ಇನ್ನು ಎರಡೇ ದಾರಿ ಇರೋದು. ನಮ್ಮದೇ ಒಂದು ಯಂತ್ರ ತಗೊಂಡು ನಿಮ್ಮ ಮಗ ಹತ್ತಬೇಕು. ಇಲ್ಲ ಅಂದ್ರೆ ಗುತ್ತಿಗೆ ಬಿಟ್ಟುಕೊಟ್ಟು ಮನೇಲಿ ಕೂರಬೇಕು.”

“ಬೇರೆ ಯಾರಾದ್ರೂ ಹತ್ತಲಿ. ಊರಲ್ಲಿ ಗಂಡುಮಕ್ಕಳಿಗೇನು ಬರ ಬಂದಿದೆಯಾ?”

“ಅವರಿಗೂ ತಾಯಿ ಇರ್ತಾಳಲ್ಲ ಅತ್ತೆ.”

ಆ ಮಾತು ಮುಳ್ಳಿನ ಹಾಗೆ ನಾಟಿತು. ಮುದುಕಿ ಹೇಳಿದಳು: “ನಾನೂ ಬರ್ತೀನಿ. ಯಂತ್ರ ನೋಡ್ತೀನಿ, ಅವನು ಓಡಿಸೋದನ್ನೂ ನೋಡ್ತೀನಿ. ನನ್ನ ಮನಸ್ಸು ಒಪ್ಪಿದ್ರೆ ಹತ್ತಲಿ. ಒಪ್ಪದಿದ್ರೆ ಇಲ್ಲ. ಆಮೇಲೆ ಯಾರೂ ಈ ಮಾತು ಎತ್ತಬಾರದು.”

ಹಳೆಯ ಯಂತ್ರಗಳ ವ್ಯಾಪಾರಿ ಹೆದ್ದಾರಿಯ ಪಕ್ಕ ಒಂದು ದೊಡ್ಡ ಬಯಲಿಗೆ ತಂತಿ ಬೇಲಿ ಹಾಕಿಕೊಂಡು ಕೂತಿದ್ದ. ಒಳಗೆ ಹಳದಿ, ಕಿತ್ತಳೆ, ಮಾಸಿದ ಕೆಂಪು ಬಣ್ಣದ ಯಂತ್ರಗಳು ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದವು. ನೆಲಕ್ಕೆಲ್ಲ ಎಣ್ಣೆಯ ಕಲೆ. ವ್ಯಾಪಾರಿ ಎಲ್ಲಕ್ಕಿಂತ ದೊಡ್ಡದರ ಬೆನ್ನು ತಟ್ಟಿ, “ಇದನ್ನ ತಗೊಳ್ಳಿ ಅಕ್ಕ, ಒಂದು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಸುತ್ತೆ” ಎಂದ.

ಸೊಸೆ ಚೀಲದಿಂದ ಟೇಪು ತೆಗೆದು ಅದರ ಅಗಲ ಅಳೆದಳು. “ನಮ್ಮೂರಿನ ಗೇಟುಗಳು ನಿಮ್ಮ ಮಾತಿನಷ್ಟು ಅಗಲ ಇಲ್ಲ ಅಣ್ಣ. ಸಣ್ಣದು ತೋರಿಸಿ.”

“ಸಣ್ಣದೇ ಬೇಕಾ? ಆಗಲಿ, ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು” ಎಂದು ವ್ಯಾಪಾರಿ ತಕ್ಷಣ ಮಾತು ಹೊರಳಿಸಿದ. ಇನ್ನೊಂದರ ಹತ್ತಿರ ಕರೆದೊಯ್ದು, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ ನೋಡಿ ಎಂದ. ಸೊಸೆ ಸ್ಟಾರ್ಟ್ ಮಾಡಲು ಬಿಡದೆ ಮುಚ್ಚಳ ಎತ್ತಿ ಇಂಜಿನ್ನಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ತಣ್ಣಗಿದ್ದಾಗ ಏಳದ ಇಂಜಿನ್ನನ್ನು ಗಿರಾಕಿ ಬರುವ ಮುಂಚೆಯೇ ಎಬ್ಬಿಸಿ ಇಟ್ಟಿದ್ದ. ಆಕೆ ಮುಚ್ಚಳ ಇಳಿಸಿದಳು. “ಬೆಳಿಗ್ಗೆ ಜಾಗ ಬದಲಾಯಿಸೋಕೆ ಅಂತ ಸ್ವಲ್ಪ ಓಡಿಸಿದ್ದೆ” ಎಂದು ವ್ಯಾಪಾರಿಯೇ ಮೈಮೇಲೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

ಮೂರನೆಯದು ಮಾಸಿದ ಕೆಂಪಿನದು. ಚಿಕ್ಕ ಮಗ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ, ಕೀಲು ಕುಲುಕಲಿಲ್ಲ. ತೋಳಿನ ಉಕ್ಕಿನ ಕಂಬಿಯ ಮೇಲೆ ಬೆರಳು ಎಳೆದ, ಎಣ್ಣೆ ಜಿನುಗಿರಲಿಲ್ಲ. ಇಂಜಿನ್ ತಣ್ಣಗಿತ್ತು. ಕೀಲಿ ತಿರುಗಿಸಿದಾಗ ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು.

“ಇದರಲ್ಲಿ ಚೈನು ಹಿಗ್ಗಿಸೋದು ಕುಗ್ಗಿಸೋದು ಎಲ್ಲ ಇದೆ” ಎಂದು ವ್ಯಾಪಾರಿ ಶುರುಮಾಡಿದ.

“ಗೊತ್ತು ಬಿಡಿ” ಎಂದು ಸೊಸೆ ಮಾತು ಕತ್ತರಿಸಿದಳು. ಮೈದುನನ ಮುಖ ನೋಡಿದಳು. ಅವನು ಬೇರೆ ಕಡೆ ನೋಡಿದ. ತಾಯಿ ಇದನ್ನು ಗಮನಿಸಲಿಲ್ಲ, ಆಕೆಯ ಕಣ್ಣು ಖಾಲಿ ಸೀಟಿನ ಮೇಲಿತ್ತು.

ಬಯಲಿನ ಒಂದು ಮೂಲೆಯಲ್ಲಿ ಗಿರಾಕಿಗಳು ಓಡಿಸಿ ನೋಡಲೆಂದು ಮಣ್ಣಿನ ದಿಬ್ಬವಿತ್ತು. ಅದರ ಮುಂದೆ ಸೊಸೆ ಎರಡು ಖಾಲಿ ಡ್ರಮ್ಮುಗಳನ್ನು ಹಿತ್ತಿಲ ಗೇಟಿನ ಅಗಲಕ್ಕೆ ಸರಿಯಾಗಿ ಇಡಿಸಿದಳು. ಚಿಕ್ಕವನು ಇವುಗಳ ನಡುವೆ ದಾಟಿ, ದಿಬ್ಬದ ಇಳಿಜಾರಿನಲ್ಲಿ ನಿಂತು, ಒಂದು ಬಕೆಟ್ ಮಣ್ಣು ಎತ್ತಿ ಪಕ್ಕಕ್ಕೆ ಸುರಿಯಬೇಕು. ಅವನು ಹತ್ತಿ ಕೂತು ಪಟ್ಟಿ ಬಿಗಿದುಕೊಂಡ. ಕೂತ ಮೇಲೆ ಮೊದಲು ನೋಡಿದ್ದು ಲಿವರುಗಳನ್ನಲ್ಲ, ತಾಯಿಯನ್ನು.

ತಾಯಿ ತನ್ನ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು. ಉಸಿರೂ ಸದ್ದು ಮಾಡಬಾರದು ಎನ್ನುವ ಹಾಗೆ. ಯಂತ್ರ ಚೈನುಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ತೆಳ್ಳಗಾಯಿತು, ಡ್ರಮ್ಮುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ದಾಟಿತು. ವ್ಯಾಪಾರಿ ಭಲೇ ಎಂದ. ಚಿಕ್ಕವನು ದಿಬ್ಬದ ಇಳಿಜಾರಿಗೆ ಅಡ್ಡಲಾಗಿ ನಿಂತು, ಬಕೆಟ್ ತುಂಬಿಕೊಂಡು, ತೋಳನ್ನು ತಗ್ಗಿನ ಕಡೆಗೆ ತಿರುಗಿಸಿದ. ಮೇಲ್ಗಡೆಯ ಚೈನು ನೆಲ ಬಿಟ್ಟಿತು. ಮೊದಲು ಒಂದು ಗೇಣು, ಆಮೇಲೆ ಇನ್ನೂ ಸ್ವಲ್ಪ. ಸೀಟು ವಾಲಿತು.

ತಾಯಿಯ ಎದೆ ಒಡೆದುಹೋಯಿತು, ಆದರೆ ಬಾಯಿಂದ ಸದ್ದು ಬರಲಿಲ್ಲ. ಕೂಗಲಿಲ್ಲ. ಅಂಗೈಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಚಿಕ್ಕವನು ಧಡಕ್ಕನೆ ಬಕೆಟ್ಟನ್ನು ನೆಲಕ್ಕೆ ಊರಿದ. ಯಂತ್ರ ಆ ಊರುಗೋಲಿನ ಮೇಲೆ ಒಂದು ಗಳಿಗೆ ತೂಗಿ, ಚೈನನ್ನು ಮತ್ತೆ ನೆಲಕ್ಕೆ ಇಳಿಸಿತು.

“ಅಗಲ ಮಾಡಪ್ಪಾ! ಚೈನು ಅಗಲ ಮಾಡದೆ ಪಕ್ಕಕ್ಕೆ ತಿರುಗಿಸ್ತಾರಾ?” ಎಂದು ವ್ಯಾಪಾರಿ ಓಡಿದ. ಇಂಜಿನ್ ಆರಿತು.

ತಾಯಿ ಮೆಲ್ಲನೆ ನಡೆದು ಹೋಗಿ ವ್ಯಾಪಾರಿಯ ಭುಜ ಮುಟ್ಟಿದಳು. “ಏನಪ್ಪ ಆಗಿದ್ದು? ನಾನು ಕೂಗಲಿಲ್ಲವಲ್ಲ?”

ವ್ಯಾಪಾರಿಗೆ ಅರ್ಥವಾಗಲಿಲ್ಲ. ವಯಸ್ಸಾದವರು ಗಾಬರಿಯಾಗಿದ್ದಾರೆ ಎಂದುಕೊಂಡು ಸಮಾಧಾನವಾಗಿ ಹೇಳಿದ. “ಕೂಗಿದ್ರೆ ಯಂತ್ರ ಬೀಳುತ್ತಾ ಅಮ್ಮ? ನೋಡಿ, ಗೇಟು ದಾಟೋಕೆ ಅಂತ ಚೈನನ್ನ ಒಳಗೆ ಎಳ್ಕೋತೀವಿ. ದಾಟಿದ ಮೇಲೆ ಮತ್ತೆ ಅಗಲಿಸ್ಕೋಬೇಕು. ಕಾಲು ಜೋಡಿಸಿಕೊಂಡು ನಿಂತೋರ ಕೈಗೆ ಪಕ್ಕದಿಂದ ತುಂಬಿದ ಕೊಡ ಕೊಟ್ರೆ ಏನಾಗುತ್ತೆ? ಹಂಗೇ. ಗೇಟಿನೊಳಗೆ ಕೆಲಸ ಮಾಡೋರೆಲ್ಲ ಒಂದಲ್ಲ ಒಂದು ದಿನ ಇದನ್ನ ಮರೀತಾರೆ. ಮಣ್ಣು ಮಟ್ಟಸ ಇದ್ರೆ ಬದುಕ್ಕೋತಾರೆ.”

ಆಕೆ ಸೊಸೆಯ ಕಡೆ ತಿರುಗಿದಳು. ಸೊಸೆಯ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು. ಆ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದಳು.

“ಅವತ್ತೂ ಹೀಗೇನಾ?”

ಉತ್ತರ ಕೊಟ್ಟವನು ಚಿಕ್ಕವನು. ಸೀಟಿನಿಂದ ಇಳಿದು ಬಂದಿದ್ದ. “ಹೌದಮ್ಮ. ಯಂತ್ರ ಎತ್ತಿಸಿದ್ದು ನಾನೇ ತಾನೇ. ಚೈನು ಒಳಗೇ ಇತ್ತು. ಅಣ್ಣ ಗೇಟು ದಾಟಿಸಿ ಹಂಗೇ ಅಗೆಯೋಕೆ ಶುರು ಮಾಡಿದ್ದ.”

“ನಾನೇ ಹೇಳಬೇಡ ಅಂದೆ ಅತ್ತೆ” ಎಂದಳು ಸೊಸೆ. “ಅಷ್ಟು ಚೆನ್ನಾಗಿ ಕೆಲಸ ಮಾಡ್ತಿದ್ದೋರು. ಹೋದ ಮೇಲೆ ಅವರ ಕೆಲಸದ ಕಡೆ ಯಾರೂ ಬೆರಳು ತೋರಿಸಬಾರದು ಅಂತ. ಮಣ್ಣು ಕುಸೀತು ಅಂತ ಜನರೇ ಅಂದ್ರು, ನಾವು ಸುಮ್ಮನಾದ್ವಿ.”

“ಬೆರಳು ತೋರಿಸಿದ್ದೆನಲ್ಲೇ, ನನ್ನ ಕಡೆ” ಎಂದಳು ತಾಯಿ. “ಊಟಕ್ಕೆ ಬಾ ಅಂತ ಕೂಗಿದ್ದೆ. ತಿರುಗಿ ನೋಡಿದ. ಅದಕ್ಕೇ ಬಿದ್ದ ಅಂತ ಇಷ್ಟು ದಿನ…”

ಸೊಸೆಗೆ ಆಗ ಹೊಳೆಯಿತು. ಸತ್ತವನ ಹೆಸರಿಗೆ ಮಸಿ ಹತ್ತಬಾರದೆಂದು ತಾನು ಮುಚ್ಚಿಟ್ಟದ್ದನ್ನು ಈ ಮುದುಕಿ ಒಬ್ಬಳೇ ಕೂತು ಮೈಗೆಲ್ಲ ಬಳಿದುಕೊಂಡಿದ್ದಳು. ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ. ಭುಜ ಮುಟ್ಟಿ ಕರೆಯುವುದು ಯಾಕೆಂದು ತಾನು ಒಂದು ದಿನವೂ ಕೇಳಿರಲಿಲ್ಲ. ಆಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡು ಅತ್ತಳು. ತಾಯಿ ಅಳಲಿಲ್ಲ.

ತಪ್ಪು ತನ್ನದಲ್ಲ. ಇದನ್ನು ಕೇಳಿದರೆ ಜೀವ ಹಗುರಾಗಬೇಕಿತ್ತು. ಎದೆಯ ಭಾರ ಇಳಿಯಿತು ಎನ್ನುತ್ತಾರಲ್ಲ ಜನ, ಇಳಿದ ಭಾರ ಎಲ್ಲಿ ಹೋಗಿ ಕೂರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇದು ಹೋಗಿ ಸತ್ತ ಮಗನ ತಲೆಯ ಮೇಲೆ ಕೂತಿತು. ಗೆರೆ ಎಳೆದಂತೆ ಅಗೆಯುತ್ತಿದ್ದ ಮಗ, ಮರೆತು ಸತ್ತ. ತಪ್ಪು ತನ್ನದೇ ಆಗಿದ್ದರೆ ಎಷ್ಟೋ ವಾಸಿಯಿತ್ತು, ಅವನಾದರೂ ಚೊಕ್ಕವಾಗಿ ಉಳಿಯುತ್ತಿದ್ದ ಎಂದು ಆ ಹೆತ್ತ ಕರುಳಿಗೆ ಅನ್ನಿಸಿಬಿಟ್ಟಿತು. ಹೀಗೂ ಅನ್ನಿಸಬಹುದೇ ಎಂದು ಕೇಳಬೇಡಿ, ಅನ್ನಿಸಿತು.

“ಮನೆಗೆ ಹೋಗೋಣಮ್ಮ” ಎಂದ ಚಿಕ್ಕವನು. “ನಂಗೆ ಇದು ಬೇಡ. ಗುತ್ತಿಗೆ ಬಿಟ್ಟುಕೊಡೋಣ.”

ತಾಯಿ ಅವನನ್ನು ನೋಡಿದಳು. “ಯಾಕೋ ಮರೆತೆ?”

“ನೀನು ನೋಡ್ತಿದ್ದೆ. ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಿನ್ನ ಕಡೆಗೇ ಗ್ಯಾನ ಇತ್ತು.”

“ಇನ್ನು ಮುಚ್ಕೊಳ್ಳಲ್ಲ. ಹತ್ತು.”

“ಕೈ ನಡುಗ್ತಿದೆ ಅಮ್ಮ.”

“ನಡುಗಲಿ. ಬಕೆಟ್ ಊರಿ ಉಳ್ಕೊಂಡೆಯಲ್ಲ, ಆವಾಗ ನಡುಗಿತ್ತಾ? ಈಗ ಇಳಿದು ಮನೆಗೆ ಬಂದ್ರೆ ನಾಳೆ ಹೊಟ್ಟೆಪಾಡಿಗೆ ಅಂತ ಯಾರದೋ ಯಂತ್ರ ಹತ್ತೇ ಹತ್ತುತ್ತೀಯ. ಈ ಹೆದರಿಕೆ ಇಟ್ಕೊಂಡು ಹತ್ತುತ್ತೀಯ. ಅದು ಬೇಡ. ಹತ್ತು, ಮೊದಲಿಂದ ಮಾಡು.”

ಅವನು ಹತ್ತಿದ. ಚೈನು ಒಳಗಿದ್ದ ಹಾಗೇ ಯಂತ್ರವನ್ನು ಡ್ರಮ್ಮುಗಳ ಆಚೆಗೆ ಹಿಂದೆ ಸರಿಸಿ, ಮತ್ತೆ ದಾಟಿಸಿದ. ದಾಟಿದ ಮೇಲೆ ನಿಂತ. ಚೈನುಗಳು ಗೊರಗೊರ ಸದ್ದು ಮಾಡುತ್ತಾ ಎರಡೂ ಬದಿಗೆ ಜಾರಿದವು, ಯಂತ್ರ ಕಾಲು ಅಗಲಿಸಿ ನೆಲ ಕಚ್ಚಿಕೊಂಡಿತು. ಬಕೆಟ್ ತುಂಬಿತು, ತೋಳು ತಗ್ಗಿನ ಕಡೆಗೆ ತಿರುಗಿತು. ಏನೂ ಆಗಲಿಲ್ಲ. ಮಣ್ಣು ಸುರಿದು ತೋಳು ಹಿಂದಕ್ಕೆ ಬಂತು, ಇನ್ನೊಂದು ಬಕೆಟ್ ತುಂಬಿತು.

“ಅಮ್ಮಾವ್ರು ಒಪ್ಪಿದ್ರಾ ಕೇಳಿ ಅಕ್ಕ” ಎಂದು ವ್ಯಾಪಾರಿ ಪಿಸುಗುಟ್ಟಿದ. ಸೊಸೆ ತಲೆಯಾಡಿಸಿ ಅವನನ್ನು ದೂರ ಕಳಿಸಿದಳು.

ತಾಯಿ ಆ ಅಗಲವಾದ ಚೈನುಗಳನ್ನೇ ನೋಡುತ್ತಿದ್ದಳು. ಎಷ್ಟು ಸುಲಭದ ಕೆಲಸ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸಾಕು. ಇಷ್ಟೇ ಇಷ್ಟಕ್ಕೆ ತುಂಬು ಪ್ರಾಯದ ಮಗ ಹೋಗಿದ್ದ. ಹೊಟ್ಟೆಯ ಆಳದಿಂದ ಬೆಂಕಿಯಂತೆ ಒಂದು ಸಿಟ್ಟು ಎದ್ದು ಗಂಟಲಿಗೆ ಬಂತು.

“ಏನು ಬಂದಿತ್ತೋ ನಿಂಗೆ!” ಎಂದಳು. ದನಿ ಬೇಲಿ ದಾಟಿ ಹೆದ್ದಾರಿಯವರೆಗೆ ಹೋಯಿತು. “ಒಂದು ಲಿವರು ಎಳೆಯೋಕೆ ಏನು ಬಂದಿತ್ತೋ! ಯಾವ ಊರು ಮುಳುಗಿ ಹೋಗ್ತಿತ್ತು? ಹೆಂಡತಿ ಇದಾಳೆ, ತಾಯಿ ಇದಾಳೆ ಅನ್ನೋ ಜ್ಞಾನ ಬೇಡವೇನೋ, ಮೂರ್ಖ ಮುಂಡೇದೇ!” ಮಾತು ಅಳುವಾಯಿತು. ಆಕೆ ನೆಲಕ್ಕೆ ಕುಸಿದು ಕೂತು, ಎರಡೂ ಕೈಯಲ್ಲಿ ತೊಡೆಗೆ ಬಡಿದುಕೊಂಡು ಅತ್ತಳು. ಆಮೇಲೆ ತಾನಾಡಿದ್ದು ಕೇಳಿಸಿದವಳ ಹಾಗೆ ಬೆಚ್ಚಿಬಿದ್ದು, ಸೊಸೆಯ ಮುಖ ನೋಡಿದಳು. “ಸತ್ತೋನನ್ನ ಬೈದುಬಿಟ್ಟೆನಲ್ಲೇ.”

ಸೊಸೆ ಪಕ್ಕದಲ್ಲಿ ಆ ಎಣ್ಣೆ ಕಲೆಯ ನೆಲದ ಮೇಲೇ ಕೂತುಕೊಂಡಳು.

“ಬೈಯಿರಿ ಅತ್ತೆ” ಎಂದಳು. “ನಾನು ದಿನಾ ಬೈತೀನಿ.”